ಕೆಲವರಿಗೆ ಬೇಡವಾದ ಸನ್ಮಾನ

ಮೊನ್ನೆ ಬೆಳಿಗ್ಗೆ ಬಾಲ್ಕನಿಯ ಬಾಗಿಲು ತೆಗೆದರೆ ಅದೇ ಸುಟ್ಟ ವಾಸನೆ. ಸಮುದ್ರದಾಚೆ ಎಲ್ಲೋ ಕಾಡಿಗೆ ಬೆಂಕಿ ಬಿದ್ದರೆ ಗಾಳಿ ಆ ಹೊಗೆಯನ್ನೆಲ್ಲ ಹೊತ್ತು ತಂದು ಸಿಂಗಪುರದ ಟ್ಯಾಂಪಿನೀಸಿನಲ್ಲಿ ನಾವು ಒಣಹಾಕಿದ ಬಟ್ಟೆಗಳ ಮೇಲೆ ಸುರಿಯುತ್ತದೆ. ಬೇರೆಯವರಿಗೆ ಈ ವಾಸನೆಗೆ ಗಂಟಲು ಕೆರೆಯುತ್ತದೆ, ಕಣ್ಣು ಉರಿಯುತ್ತದೆ. ನನಗೆ ಸಿಟ್ಟು ಬರುತ್ತದೆ. ವಾರಿಜಾ ಆಂಟಿಯ ಮಗಳನ್ನು ಮೇಲಿನ ಕೋರ್ಟಿನ ಜಡ್ಜ್ ಮಾಡುವ ಮಾತು ನಡೆದ ಆ ವರ್ಷವೂ ಹೀಗೇ ಹೊಗೆ ಕವಿದಿತ್ತು. ಕಿಟಕಿಗಳನ್ನೆಲ್ಲ ಮುಚ್ಚಿಕೊಂಡು, ಮಾಸ್ಕ್ ಹಾಕಿಕೊಂಡು, ಹೊರಗೆ ಹೋದವರು ಮನೆಗೆ ಬಂದು ತಲೆಗೂದಲು ಮೂಸಿ ನೋಡಿಕೊಳ್ಳುತ್ತಿದ್ದ ದಿನಗಳು. ಅಂಥ ದಿನಗಳಲ್ಲಿ ನಮ್ಮ ಜನ ಏನು ಮಾಡಿದರು ಎನ್ನುವುದನ್ನು ನಾನು ಇವತ್ತಿಗೂ ಮರೆತಿಲ್ಲ. ಮರೆಯುವ ಉದ್ದೇಶವೂ ಇಲ್ಲ.

ನಾನು ಗದಗಿನವಳು. ಇಲ್ಲಿಗೆ ಬಂದ ಮೇಲೆ ನಾಲ್ಕು ಜನರ ನಡುವೆ ಬೆಂಗಳೂರಿನವರಂತೆ ಮೆತ್ತಗೆ ಮಾತನಾಡುವುದನ್ನು ಕಲಿತಿದ್ದೇನೆ, ಆದರೆ ಸಿಟ್ಟು ಬಂದಾಗ ಮಾತ್ರ ಗದಗು ತಾನಾಗಿಯೇ ಹೊರಬೀಳುತ್ತದೆ. ವಾರಿಜಾ ಆಂಟಿ ಕಾಪುವಿನ ಕಡೆಯವರು. ನಮ್ಮ ಬ್ಲಾಕಿನಲ್ಲೇ ಕೆಳಗಿನ ಮಹಡಿಯಲ್ಲಿ ಮಗ ಸುಧೀರನ ಜೊತೆ ಇರುತ್ತಾರೆ. ಸುಧೀರ ಟುವಾಸಿನ ಬಂದರಿನಲ್ಲಿ ಎಂಜಿನಿಯರು. ಅವನು ನಸುಕಿನಲ್ಲೇ ಕಂಪನಿ ಬಸ್ಸು ಹತ್ತಿದರೆ ಆಂಟಿ ಕೆಳಗಿಳಿದು, ಬ್ಲಾಕಿನ ಅಡಿಯಲ್ಲಿ ಗೋಡೆಗಳಿಲ್ಲದೆ ತೆರೆದಿರುವ ವಾಯ್ಡ್ ಡೆಕ್ಕಿನ ಕಲ್ಲುಬೆಂಚಿನಲ್ಲಿ ಕೂತು, ಸಂತೆಯಿಂದ ತಂದ ಹುರುಳಿಕಾಯಿಯ ನಾರು ತೆಗೆಯುತ್ತಾರೆ. ಊರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ಮನೆಯಲ್ಲಿ ತುಳು, ನಮ್ಮೊಂದಿಗೆ ಕನ್ನಡ. ಅವರಿಗೂ ನನಗೂ ವಯಸ್ಸಿನಲ್ಲಿ ಇಪ್ಪತ್ತೈದು ವರ್ಷ ಅಂತರವಿದ್ದರೂ ಜಗಳ ಆಡುವಷ್ಟು ಸಲಿಗೆ ಇತ್ತು.

ಮಗಳು ಶೈಲಾ ಅಮೆರಿಕದಲ್ಲಿ ವಕೀಲೆ. ವಕೀಲರಿಗೆ ಕೊಡಲು ಕಾಸಿಲ್ಲದ ಆರೋಪಿಗಳ ಪರ ವಾದಿಸಲು ಸರ್ಕಾರವೇ ನೇಮಿಸುವ ವಕೀಲೆಯಾಗಿ ಬಹಳ ವರ್ಷ ದುಡಿದು, ಆಮೇಲೆ ಕೆಳಗಿನ ಕೋರ್ಟಿನಲ್ಲಿ ಜಡ್ಜ್ ಆಗಿದ್ದಳು. ಆ ವರ್ಷ ಅವಳ ರಾಜ್ಯದ ಗವರ್ನರು ಅವಳ ಹೆಸರನ್ನು ಮೇಲ್ಮನವಿ ಕೋರ್ಟಿಗೆ ಸೂಚಿಸಿದರು. ಕೆಳಗಿನ ತೀರ್ಪು ತಪ್ಪು ಎಂದು ಅನ್ನಿಸಿದವರು ಹೋಗಿ ಬಾಗಿಲು ತಟ್ಟುವ ಕೋರ್ಟು ಅದು. ಆಂಟಿ ಸುದ್ದಿಯನ್ನು ನನಗೆ ಹೇಳಿದ್ದು ಹುರುಳಿಕಾಯಿಯಿಂದ ತಲೆ ಎತ್ತದೆ.

"ನಮ್ಮ ಶೈಲನ ಹೆಸರು ಮೇಲಿನ ಕೋರ್ಟಿಗೆ ಹೋಗಿದೆ ಮಾರಾಯ್ತಿ. ಆದ್ರೆ ಇನ್ನೂ ಆಗ್ಲಿಲ್ಲ. ಅಲ್ಲಿ ಅವಳ ರಾಜ್ಯದ್ದೇ ಸೆನೆಟ್ ಅಂತ ಉಂಟಲ್ವಾ, ನಮ್ಮ ವಿಧಾನ ಪರಿಷತ್ತಿನ ಹಾಗೆ, ಅವ್ರು ಕೂತು ಇವಳನ್ನು ಪ್ರಶ್ನೆ ಕೇಳ್ಬೇಕು. ಆಮೇಲೆ ಓಟು ಹಾಕ್ಬೇಕು. ಹೌದು ಅಂದ್ರೆ ಹೌದು, ಇಲ್ಲ ಅಂದ್ರೆ ಇಲ್ಲ. ಯಾರ ಹತ್ರವೂ ಹೇಳ್ಬೇಡ."

ನಾನು ಯಾರಿಗೂ ಹೇಳಲಿಲ್ಲ. ಸುಧೀರ ಯಾರಿಗೋ ಎಂ.ಆರ್.ಟಿ. ರೈಲಿನಲ್ಲಿ ಖುಷಿಯಿಂದ ಹೇಳಿಬಿಟ್ಟ, ಅವರು ಇನ್ಯಾರಿಗೋ ಹೇಳಿದರು. ಎರಡು ದಿನದಲ್ಲಿ ನಮ್ಮ ಕನ್ನಡ ಬಳಗದ ವಾಟ್ಸಾಪ್ ಗ್ರೂಪಿನಲ್ಲಿ ಪಟಾಕಿ ಹಾರಿತು. ಬಳಗದ ಅಧ್ಯಕ್ಷ ಪ್ರಭಾಕರ್ ಎಂಬ ಮಹಾನುಭಾವರಿಗೆ ಸನ್ಮಾನ ಮಾಡುವುದೆಂದರೆ ಊಟಕ್ಕಿಂತ ಹೆಚ್ಚು. ಶಾಲು, ಪೇಟ, ಹಣ್ಣಿನ ಬುಟ್ಟಿ ಸದಾ ಸಿದ್ಧ, ಹೊದಿಸಲು ಒಂದು ಹೆಗಲು ಸಿಕ್ಕರೆ ಸಾಕು. ಮಗಳು ದೂರದಲ್ಲಿದ್ದಾಳೆ, ತಾಯಿ ಇಲ್ಲೇ ಇದ್ದಾರೆ, ರಾಜ್ಯೋತ್ಸವದ ದಿನ ತಾಯಿಗೇ ಸನ್ಮಾನ ಎಂದು ತೀರ್ಮಾನವಾಯಿತು. ಆಂಟಿಯ ಫೋಟೋ ಹಾಕಿ, ಕೆಳಗೆ ದಪ್ಪ ಅಕ್ಷರದಲ್ಲಿ 'ನ್ಯಾಯಮೂರ್ತಿಯನ್ನು ಹೆತ್ತ ಮಾತೆ' ಎಂದು ಬರೆದ ಪೋಸ್ಟರು ಬಂತು.

ಆಂಟಿ ಗಾಬರಿಯಾಗಿ ಪ್ರಭಾಕರ್ ಅವರಿಗೆ ನನ್ನೆದುರಲ್ಲೇ ಫೋನು ಮಾಡಿದರು. "ಇನ್ನೂ ಆಗ್ಲಿಲ್ಲ ಮಾರಾಯ್ರೆ, ಹೆಸರು ಹೇಳಿದ್ದು ಮಾತ್ರ. ಓಟು ಆಗ್ಲಿ, ಆಮೇಲೆ ನೋಡುವ."

"ಆಂಟಿ, ಅದೆಲ್ಲ ಜಸ್ಟ್ ಫಾರ್ಮಾಲಿಟಿ! ಆಗೇ ಆಗತ್ತೆ. ನೀವು ಸುಮ್ನೆ ಸೀರೆ ಸೆಲೆಕ್ಟ್ ಮಾಡಿ" ಎಂದು ಆ ಕಡೆಯಿಂದ ನಗು.

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವುದು ನಮ್ಮವರ ಹಳೇ ಚಾಳಿ. ಅದನ್ನಾದರೂ ಕ್ಷಮಿಸಬಹುದಿತ್ತು, ಪ್ರೀತಿ ಹೆಚ್ಚಾಯಿತು ಎಂದುಕೊಳ್ಳಬಹುದಿತ್ತು. ಆಮೇಲೆ ಆದದ್ದನ್ನು ಕ್ಷಮಿಸಲಾಗದು.

ಅಲ್ಲಿಯ ಸೆನೆಟ್ ಸಮಿತಿ ಶೈಲಾಳನ್ನು ಪ್ರಶ್ನಿಸುವಾಗ ಇಲ್ಲಿ ರಾತ್ರಿ. ಆಂಟಿ ನಿದ್ದೆ ಕೆಡಿಸಿಕೊಳ್ಳುವವರಲ್ಲ. ಮರುದಿನ ಬೆಳಿಗ್ಗೆ ಸುಧೀರನ ಲ್ಯಾಪ್‌ಟಾಪಿನಲ್ಲಿ ರೆಕಾರ್ಡಿಂಗ್ ಹಾಕಿಕೊಂಡು ನಾವಿಬ್ಬರೇ ನೋಡಿದೆವು. ಹೊರಗೆ ಹೊಗೆಗೆ ಎದುರಿನ ಬ್ಲಾಕೇ ಕಾಣುತ್ತಿರಲಿಲ್ಲ. ಶೈಲಾ ಬೂದು ಕೋಟು ಹಾಕಿಕೊಂಡು, ಒಂದು ಲೋಟ ನೀರು ಎದುರಿಗಿಟ್ಟುಕೊಂಡು ಒಬ್ಬಳೇ ಒಂದು ಮೇಜಿನ ಮುಂದೆ ಕೂತಿದ್ದಳು. ಎದುರಿಗೆ ಎತ್ತರದಲ್ಲಿ ಸಾಲಾಗಿ ಸೆನೆಟರುಗಳು. ಮೊದಲಿನ ಪ್ರಶ್ನೆಗಳೆಲ್ಲ ಸಭ್ಯವಾಗಿದ್ದವು. ಆಮೇಲೆ ಬೆಳ್ಳಿಕೂದಲಿನ ಒಬ್ಬ ಸೆನೆಟರ್ ಹಳೆಯ ಒಂದು ಕೇಸು ತೆಗೆದ.

ಬಹಳ ವರ್ಷಗಳ ಹಿಂದೆ ಆ ಊರಿನಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಒಬ್ಬ ಭಾರತೀಯರನ್ನು ದರೋಡೆಗೆ ಬಂದ ತರುಣನೊಬ್ಬ ಗುಂಡಿಕ್ಕಿ ಕೊಂದಿದ್ದ. ಅವನ ಪರ ವಾದಿಸಲು ಸರ್ಕಾರ ನೇಮಿಸಿದ್ದು ಶೈಲಾಳನ್ನು. ಅವನು ತಪ್ಪಿತಸ್ಥ ಎಂದೇ ತೀರ್ಪಾಯಿತು, ಆದರೆ ಅವಳ ವಾದದಿಂದಾಗಿ ಮರಣದಂಡನೆ ತಪ್ಪಿ ಜೀವಾವಧಿ ಆಯಿತು. ಸೆನೆಟರ್ ಮುಂದಕ್ಕೆ ಬಾಗಿ ಕೇಳಿದ: "ಸತ್ತವನು ನಿಮ್ಮದೇ ದೇಶದವನು. ಅವನ ಹೆಂಡತಿಯ ಮುಖ ನೋಡಿಕೊಂಡು ಈ ಕೆಲಸವನ್ನು ಹೇಗೆ ಮಾಡಿದಿರಿ?"

ಶೈಲಾ ನೀರು ಕುಡಿಯಲಿಲ್ಲ, ತಡವರಿಸಲೂ ಇಲ್ಲ. "ಅವರ ಮುಖ ನೋಡಿಕೊಂಡೇ ಮಾಡಿದೆ ಸರ್. ಅವರು ದಿನವೂ ಬಂದು ಮುಂದಿನ ಸಾಲಿನಲ್ಲಿ ಕೂರುತ್ತಿದ್ದರು. ಅವರ ಪರ ಇಡೀ ರಾಜ್ಯ ನಿಂತಿತ್ತು, ನಿಲ್ಲಲೇಬೇಕಿತ್ತು. ಅವನ ಪರ ನಿಲ್ಲಲು ಕಾನೂನು ಒಬ್ಬರನ್ನು ಕೇಳುತ್ತದೆ. ಅವತ್ತು ಆ ಒಬ್ಬಳು ನಾನು. ಯಾರೂ ಎದುರು ನಿಲ್ಲದೆ ಬಂದ ತೀರ್ಪಿನಿಂದ ಆ ಹೆಣ್ಣುಮಗಳಿಗೂ ನ್ಯಾಯ ಸಿಕ್ಕುತ್ತಿರಲಿಲ್ಲ" ಎಂದಳು.

ನನಗೆ ಎದ್ದು ನಿಂತು ಚಪ್ಪಾಳೆ ತಟ್ಟಬೇಕೆನ್ನಿಸಿತು. ಆಂಟಿ ಮಾತ್ರ ಅಷ್ಟು ಭಾಗವನ್ನೇ ಹಿಂದಕ್ಕೆ ಎಳೆದು ಮತ್ತೆ ನೋಡಿದರು. ಮತ್ತೆ ಇನ್ನೊಂದು ಸಲ. ಆಮೇಲೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು.

"ಇದನ್ನು ನಾನು ಅವಳ ಹತ್ರ ಯಾವತ್ತೂ ಕೇಳ್ಲೇ ಇಲ್ಲ ನೋಡು ಗಿರಿಜಾ" ಎಂದಷ್ಟೇ ಹೇಳಿ ಒಳಗೆ ಹೋಗಿ ಕುಕ್ಕರ್ ಇಟ್ಟರು.

ಸಂಜೆಯೊಳಗೆ ಆ ವಿಡಿಯೋ ಸಿಂಗಪುರಕ್ಕೂ ಬಂತು. ಪೂರ್ತಿ ಅಲ್ಲ. ಯಾವ ಪುಣ್ಯಾತ್ಮನೋ ಸೆನೆಟರನ ಪ್ರಶ್ನೆಯನ್ನು ಮಾತ್ರ ಉಳಿಸಿ, ಶೈಲಾಳ ಉತ್ತರವನ್ನು ಕತ್ತರಿಸಿ ಬಿಸಾಕಿದ್ದ. ಕೆಳಗೆ 'ನಮ್ಮವನನ್ನೇ ಕೊಂದವನನ್ನು ಕಾಪಾಡಿದವಳು, ಇವಳಿಗೆ ಸನ್ಮಾನವೇ?' ಎಂಬ ಸಾಲು. ಎಷ್ಟೋ ಕೈ ದಾಟಿ ಬಂದದ್ದು. ನಮ್ಮ ಗ್ರೂಪಿಗೂ ಬಿತ್ತು. ನಾನು ಪೂರ್ತಿ ವಿಡಿಯೋದ ಲಿಂಕ್ ಹಾಕಿ, ದಯವಿಟ್ಟು ಉತ್ತರವನ್ನೂ ಕೇಳಿ ಎಂದು ಬರೆದೆ. ಅದರ ಕೆಳಗೆ ಯಾರೋ ಇಡ್ಲಿ ಹಿಟ್ಟು ಎಲ್ಲಿ ಒಳ್ಳೆಯದು ಸಿಗುತ್ತದೆ ಎಂದು ಕೇಳಿದರು. ಇಡ್ಲಿ ಹಿಟ್ಟಿಗೆ ಹತ್ತಾರು ಉತ್ತರ ಬಂದವು. ನನ್ನ ಮಗಳು ಹೆಗಲ ಮೇಲಿಂದ ಇಣುಕಿ, "ಅಮ್ಮಾ, ಈ ಗ್ರೂಪ್‌ನ ಎಕ್ಸಿಟ್ ಮಾಡ್ಬಿಡು ಲಾ, ಬಿ.ಪಿ. ಜಾಸ್ತಿ ಆಗತ್ತೆ" ಎಂದು ಸಿಂಗಪುರದವರ 'ಲಾ' ಸೇರಿಸಿಯೇ ಹೇಳಿದಳು.

ಎರಡು ದಿನ ಬಿಟ್ಟು ಪ್ರಭಾಕರ್ ಫೋನು ಮಾಡಿದರು. ಆಂಟಿಗಲ್ಲ, ನನಗೆ.

"ಮೇಡಂ, ನೀವು ಆಂಟಿಗೆ ಕ್ಲೋಸ್ ಅಲ್ವಾ, ಸ್ವಲ್ಪ ಸಾಫ್ಟ್ ಆಗಿ ಹೇಳ್ಬಿಡಿ. ಸನ್ಮಾನ ಈ ವರ್ಷ ಅವಾಯ್ಡ್ ಮಾಡೋಣ ಅಂತ. ನಮಗೇನೂ ಪರ್ಸನಲ್ ಇಲ್ಲ. ಆದ್ರೆ ಕೆಲವರಿಗೆ ಹರ್ಟ್ ಆಗಿದೆ."

"ಯಾರಿಗೆ?"

"ಹಾಗೆ ಹೆಸರು ಹೇಳೋಕಾಗಲ್ಲ. ಕೆಲವರು."

"ನೀವು ಉತ್ತರ ಕೇಳಿದ್ರಾ? ಅವಳು ಏನು ಹೇಳಿದಳು ಅಂತ?"

"ಟೈಮ್ ಆಗಲಿಲ್ಲ ಮೇಡಂ. ಆದ್ರೂ ಕಾಂಟ್ರವರ್ಸಿ ನಮಗ್ಯಾಕೆ? ಬಳಗ ಅಂದ್ರೆ ಎಲ್ಲರನ್ನೂ ಕರ್ಕೊಂಡು ಹೋಗಬೇಕಲ್ವಾ?"

ಅಷ್ಟು ಹೊತ್ತು ಹಿಡಿದುಕೊಂಡಿದ್ದ ಗದಗು ಆಗ ಹೊರಬಿತ್ತು. "ಏನ್ರೀ, ನಾಚಿಕಿ ಅನ್ನೂದು ಐತೇನ್ರೀ ನಿಮಗ? ಬ್ಯಾಡ ಬ್ಯಾಡ ಅಂದ್ರೂ ಆ ಮುದುಕಿ ಫೋಟೋ ಹಾಕಿ ಊರ ತುಂಬ ಡಂಗುರ ಹೊಡದವರು ನೀವು. ಈಗ ಕೆಲವರು ಕೆಲವರು ಅಂತೀರಿ. ಕೆಲವರಿಗೆ ಅವ್ವ ಅಪ್ಪ ಹೆಸರು ಇಟ್ಟಿಲ್ಲೇನು?" ಎಂದೆ. ಆ ಕಡೆಯಿಂದ 'ಇನ್ನೊಂದು ಕಾಲ್ ಬರ್ತಿದೆ ಮೇಡಂ' ಎಂದು ಕಟ್ ಆಯಿತು.

ಮೈಯೆಲ್ಲ ಉರಿಯುತ್ತಿತ್ತು. ಬೇಡ ಎನ್ನುವುದಾದರೆ ಬೇಡ ಎನ್ನಲಿ. ಸತ್ತವರು ನಮ್ಮವರು, ನನಗೆ ಸಂಕಟವಾಗುತ್ತದೆ ಎಂದು ಯಾರಾದರೂ ಎದುರಿಗೆ ಬಂದು ಹೇಳಿದ್ದರೆ ನಾನೇ ಕೂರಿಸಿ ಚಹಾ ಕೊಡುತ್ತಿದ್ದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಕೆಲಸವನ್ನು ಇನ್ನೊಬ್ಬರ ಬಾಯಿಂದ ಮಾಡಿಸಬೇಕು. ಇದು ಯಾವ ಸೀಮೆಯ ಮರ್ಯಾದೆ?

ಹೇಳುವ ಕರ್ಮ ನನ್ನ ಪಾಲಿಗೇ ಬಂತು. ವಾಯ್ಡ್ ಡೆಕ್ಕಿನಲ್ಲಿ ಆಂಟಿಯ ಪಕ್ಕ ಕೂತು ಸುತ್ತಿ ಬಳಸಿ ಹೇಳಿದೆ. ಅವರು ಕೈಕೆಲಸ ನಿಲ್ಲಿಸಲಿಲ್ಲ. ಎಲ್ಲ ಕೇಳಿ, "ಶಾಲು ಯಾರಿಗೆ ಬೇಕು ಬಿಡು. ಆದ್ರೆ ನನ್ನ ಮಗಳು ಕೊಲೆಗಾರನ ಪಾರ್ಟಿ ಅಂತ ಇವ್ರೆಲ್ಲ ಒಳಗೊಳಗೆ ಹೇಳ್ತಾ ಇರುದು ಉಂಟಲ್ಲ, ಅದು ತಡೀಲಿಕ್ಕೆ ಆಗುದಿಲ್ಲ" ಎಂದರು. ಅಂದಿನಿಂದ ಅವರು ಬೆಂಚಿಗೆ ಬರುವುದನ್ನೇ ಬಿಟ್ಟರು. ಮಾಸ್ಕ್ ಹಾಕಿಕೊಂಡು ಸಂತೆಗೆ ಹೋಗಿ, ಯಾರೊಂದಿಗೂ ನಿಲ್ಲದೆ ಲಿಫ್ಟ್ ಹತ್ತುತ್ತಿದ್ದರು. ಕನ್ನಡದವರು ಎದುರಾದರೆ ಮಾಸ್ಕನ್ನು ಇನ್ನಷ್ಟು ಮೇಲಕ್ಕೆ ಎಳೆದುಕೊಳ್ಳುತ್ತಿದ್ದರು. ಯಾವ ತಪ್ಪಿಗೆ ಈ ಹೆಂಗಸು ಮುಖ ಮುಚ್ಚಿಕೊಂಡು ಓಡಾಡಬೇಕು?

ಸೆನೆಟ್ಟಿನ ಕೊನೆಯ ಮತದಾನ ಅಲ್ಲಿಯ ಸಂಜೆ, ನಮಗೆ ಬೆಳಗಿನ ಹೊತ್ತು. ಹಿಂದಿನ ದಿನ ಗುಡುಗು ಸಹಿತ ಮಳೆ ಹೊಡೆದು ಹೊಗೆ ತೊಳೆದುಹೋಗಿತ್ತು. ಸುಧೀರ ಅರ್ಧ ದಿನ ರಜೆ ಹಾಕಿದ್ದ. ಆಂಟಿ ನೀರುದೋಸೆ ಹುಯ್ಯುತ್ತ, ಅಡುಗೆಮನೆಯ ಬಾಗಿಲಿನಿಂದಲೇ ನೋಡುತ್ತಿದ್ದರು. ಗುಮಾಸ್ತೆಯೊಬ್ಬಳು ಒಬ್ಬೊಬ್ಬ ಸೆನೆಟರನ ಹೆಸರನ್ನೂ ಗಟ್ಟಿಯಾಗಿ ಕೂಗುವುದು, ಅವರು 'ಹೌದು' ಅಥವಾ 'ಇಲ್ಲ' ಎನ್ನುವುದು. ಇಲ್ಲಗಳು ಬರುತ್ತ ಹೋದ ಹಾಗೆ ಸುಧೀರ ಉಗುರು ಕಚ್ಚತೊಡಗಿದ. ಬೆಳ್ಳಿಕೂದಲಿನವನ ಹೆಸರು ಬಂತು. ಅವನು ಎದ್ದು ನಿಂತು, ಕ್ಯಾಮೆರಾಗೆ ಮುಖ ಕೊಟ್ಟೇ, 'ಇಲ್ಲ' ಎಂದ.

"ಗಟ್ಟಿ ಮನುಷ್ಯ" ಎಂದರು ಆಂಟಿ. ಬೈಗುಳವೋ ಹೊಗಳಿಕೆಯೋ ತಿಳಿಯಲಿಲ್ಲ.

ಕೂದಲೆಳೆಯ ಅಂತರದಲ್ಲಿ ಶೈಲಾ ಗೆದ್ದಳು. ಸುಧೀರ ಅಮ್ಮನನ್ನು ಎತ್ತಿಯೇಬಿಟ್ಟ, ಹಂಚಿನ ಮೇಲಿದ್ದ ದೋಸೆ ಕರಕಲಾಯಿತು. ಆಂಟಿ ಮಗಳಿಗೆ ಫೋನು ಮಾಡಿ ತುಳುವಿನಲ್ಲಿ ಬಹಳ ಹೊತ್ತು ಮಾತನಾಡಿದರು. ಅರ್ಥವಾಗದಿದ್ದರೂ ಅಳುತ್ತಿದ್ದಾರೆಂದು ತಿಳಿಯಿತು.

ಇನ್ನು ನಮ್ಮ ಬಳಗದ ಕಥೆ ಕೇಳಿ. ಊಟದ ಹೊತ್ತಿಗೆ ಅದೇ ಪೋಸ್ಟರು, ಅದೇ ಫೋಟೋ, ಈ ಸಲ 'ಹೆಮ್ಮೆಯ ಕನ್ನಡತಿ' ಎಂಬ ಇನ್ನೊಂದು ಸಾಲಿನೊಂದಿಗೆ ಗ್ರೂಪಿಗೆ ಮರಳಿ ಬಂತು. ಇಡ್ಲಿ ಹಿಟ್ಟಿನವರು ಪಟಾಕಿ ಹಾರಿಸಿದರು. ಗಾಳಿ ಬಂದ ಕಡೆ ತೂರಿಕೊಳ್ಳುವವರನ್ನು ನೋಡಿದ್ದೇನೆ, ಆದರೆ ಇಷ್ಟು ಸಲೀಸಾಗಿ ತೂರಿಕೊಂಡವರನ್ನು ನೋಡಿರಲಿಲ್ಲ. ಪ್ರಭಾಕರ್ ಹಣ್ಣಿನ ಬುಟ್ಟಿ ಹಿಡಿದು ಆಂಟಿಯ ಮನೆಗೇ ಬಂದು ಆಹ್ವಾನ ಕೊಟ್ಟು ಹೋದರು. ಆಂಟಿ ಬರುತ್ತೇನೆ ಎಂದರಂತೆ! ಕೇಳಿ ನಾನು ದಡದಡನೆ ಕೆಳಗಿಳಿದು ಹೋದೆ.

"ನಿಮಗೇನಾದ್ರೂ ಹುಚ್ಚು ಹಿಡಿದಿದೆಯಾ ಆಂಟಿ? ಅವರ ಶಾಲು ಹೊದ್ದುಕೊಳ್ತೀರಾ?"

"ಹೋಗ್ಬೇಕು ಗಿರಿಜಾ. ನನಗೆ ಅಲ್ಲಿ ಸ್ವಲ್ಪ ಕೆಲಸ ಉಂಟು" ಎಂದರು. ಮುಖದಲ್ಲಿ ಮಾಸ್ಕ್ ಇರಲಿಲ್ಲ.

ಕಾರ್ಯಕ್ರಮ ಕಲ್ಲಾಂಗಿನ ಒಂದು ಬಾಡಿಗೆ ಹಾಲಿನಲ್ಲಿ. ಮಕ್ಕಳ ನೃತ್ಯ, ನಾಡಗೀತೆ, ಪ್ರಭಾಕರ್ ಅವರ ಉದ್ದನೆಯ ಭಾಷಣ. ಆಮೇಲೆ ಆಂಟಿಯನ್ನು ವೇದಿಕೆಗೆ ಕರೆದು, ಕುರ್ಚಿಯಲ್ಲಿ ಕೂರಿಸಿ, ಶಾಲು ಹೊದಿಸಿದರು. ಎರಡು ಮಾತು ಆಡಿ ಎಂದು ಮೈಕು ಕೊಟ್ಟರು. ಧನ್ಯವಾದ ಹೇಳಿ ಕೂರುತ್ತಾರೆಂದು ಎಲ್ಲರೂ ಆಗಲೇ ಊಟದ ಕಡೆ ಮೂಗು ತಿರುಗಿಸಿದ್ದರು.

ಆಂಟಿ ಎದ್ದು ನಿಂತರು. "ನಮಸ್ಕಾರ. ನನ್ನ ಮಗಳಿಗೆ ಅಲ್ಲಿ ಓಟು ಹಾಕಿದ್ರು. ಎಲ್ಲರ ಹೆಸರು ಕೂಗಿದ್ರು. ಬೇಡ ಅಂದವ್ರು ಎದ್ದು ನಿಂತು ಬೇಡ ಅಂದ್ರು. ಅವ್ರ ಮೇಲೆ ನಂಗೆ ಸಿಟ್ಟಿಲ್ಲ. ಇಲ್ಲಿ ನನಗೆ ಸನ್ಮಾನ ಬೇಡ ಅಂತ ಕೆಲವರು ಹೇಳಿದ್ರಂತೆ. ಆ ಕೆಲವರು ಯಾರು ಅಂತ ನನಗೆ ನೋಡ್ಬೇಕು."

ಪ್ರಭಾಕರ್ ಮೈಕಿನ ಕಡೆ ಕೈ ಚಾಚಿದರು. ಆಂಟಿ ಮೈಕನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು.

"ಹೆದರ್ಬೇಡಿ, ಮೊದಲು ನನ್ನ ಹೆಸರೇ ಹೇಳ್ತೇನೆ. ಆ ಕೇಸು ಬಿಡು ಅಂತ ಶೈಲನಿಗೆ ಮೊದಲು ಹೇಳಿದ್ದು ನಾನು, ವಾರಿಜಾ. ನಮ್ಮವ್ರನ್ನು ಕೊಂದವನಿಗೆ ನೀನು ವಕೀಲೆಯಾ ಅಂತ ಫೋನಿನಲ್ಲಿ ಬೈದೆ. ಒಂದು ವರ್ಷ ಸರಿ ಮಾತಾಡ್ಲಿಲ್ಲ. ಆದ್ರೆ ಅವಳಿಗೇ ಹೇಳಿದ್ದು, ಪಕ್ಕದ ಮನೆಯವ್ರ ಹತ್ರ ಹೇಳಿ ಕಳಿಸ್ಲಿಲ್ಲ. ಈಗ ನೀವು ಹೇಳಿ. ಬೇಡ ಅಂದವ್ರು ಕೈ ಎತ್ತಿ."

ಯಾರೂ ಎತ್ತಲಿಲ್ಲ. ಎಲ್ಲರ ಕೈಗಳೂ ತೊಡೆಯ ಮೇಲೆ. ಆಗ ಹಿಂದಿನ ಸಾಲಿನಲ್ಲಿ ಒಬ್ಬರು ನಿಧಾನವಾಗಿ ಎದ್ದರು. ಶ್ರೀನಿವಾಸ್ ಅಂತ, ಬಾಗಲಕೋಟೆಯವರು, ಚಾಂಗಿ ಕಡೆ ಆಫೀಸು, ಸಭೆಗಳಲ್ಲಿ ಬಾಯಿ ಬಿಚ್ಚಿದ್ದನ್ನು ನಾನು ಕಂಡಿರಲಿಲ್ಲ.

"ನಾನ್ರೀ ಆಂಟಿ. ನನ್ನ ಹೆಂಡತಿ ತಮ್ಮ ಅಮೆರಿಕದಾಗ ಅಂಗಡಿ ಇಟ್ಟಾನ್ರೀ. ಅವಂಗೂ ಹಿಂಗ ಗುಂಡು ಹೊಡದ್ರು. ಉಳಕೊಂಡಾನ, ಆದ್ರ ಎಡಗೈ ಏಳೂದಿಲ್ಲ. ಆ ವಿಡಿಯೋ ನೋಡಿ ನನಗ ಚಪ್ಪಾಳೆ ಹೊಡಿಯಾಕ ಆಗೂದಿಲ್ಲ ಅನ್ನಿಸ್ತು. ಅಧ್ಯಕ್ಷರಿಗೆ ಹೇಳಿದ್ದು ಅಷ್ಟ ರೀ, ನಾ ಈ ಸಲ ಬರೂದಿಲ್ಲ ಅಂತ. ಕಾರ್ಯಕ್ರಮ ಬಿಡ್ರಿ ಅಂತ ನಾ ಹೇಳಿಲ್ಲ. ಆಮ್ಯಾಲ ಪೂರ್ತಿ ನೋಡಿದೆ. ಅದಕ್ಕ ಇವತ್ತು ಬಂದೆ."

ಅಂದರೆ, ಕೆಲವರು ಎಂಬುವರು ಇರಲೇ ಇಲ್ಲ! ಇದ್ದದ್ದು ಒಬ್ಬರು, ಅವರು ಕೇಳಿದ್ದು ತಮ್ಮ ಪಾಡಿಗೆ ತಾವು ಮನೆಯಲ್ಲಿರುತ್ತೇನೆ ಎಂದು. ಮಿಕ್ಕಿದ್ದೆಲ್ಲ ನಮ್ಮ ಅಧ್ಯಕ್ಷರ ಹೆದರಿಕೆ. ಅಷ್ಟು ದಿನ ಆ ಹೆಂಗಸು ಮುಖ ಮುಚ್ಚಿಕೊಂಡು ಓಡಾಡಿದ್ದು ಇವರ ಅಂಜುಬುರುಕತನಕ್ಕೆ. ನಾನು ಪ್ರಭಾಕರ್ ಅವರನ್ನು ನೋಡಿದೆ. ಅವರು ಮುಂದಿನ ಕಾರ್ಯಕ್ರಮದ ಚೀಟಿ ಓದುತ್ತಿದ್ದರು.

ಆಂಟಿ ವೇದಿಕೆ ಇಳಿದು, ಕುರ್ಚಿಗಳ ನಡುವೆ ನಡೆದು ಶ್ರೀನಿವಾಸರ ಬಳಿ ಹೋದರು. "ನಿಮ್ಮ ಭಾವಮೈದನನ್ನು ಈಗ ಯಾರು ನೋಡಿಕೊಳ್ಳುದು?" ಎಂದು ಕೇಳಿದರು. "ಹೇಣ್ತಿ ಅದಾಳ್ರೀ, ಅಂಗಡಿನೂ ಆಕೀನ ನೋಡ್ತಾಳ" ಎಂದರು ಅವರು. ಆಂಟಿ ಅವರ ತೋಳು ಹಿಡಿದರು. "ಬನ್ನಿ, ಊಟಕ್ಕೆ ನನ್ನ ಪಕ್ಕ ಕೂತ್ಕೊಳ್ಳಿ."

ಅವರಿಬ್ಬರೂ ಉದ್ದನೆಯ ಮೇಜಿನ ತುದಿಯಲ್ಲಿ ಕೂತು ಬಿಸಿಬೇಳೆಬಾತ್ ಉಣ್ಣತೊಡಗಿದರು. ನಾನು ಎದುರಿಗೆ ಕೂತೆ. ಅಲ್ಲಿಗೆ ಶುರುವಾಯಿತು ಮೆರವಣಿಗೆ. ತಟ್ಟೆ ಹಿಡಿದು ಒಬ್ಬರಾದ ಮೇಲೊಬ್ಬರು ಬಂದು, ಆಂಟಿಯ ಕಿವಿಯ ಹತ್ತಿರ ಬಗ್ಗಿ ಅದನ್ನೇ ಹೇಳುವವರು. "ಆಂಟಿ, ನಾನಂತೂ ಬೇಡ ಅಂದಿರಲಿಲ್ಲ." "ನಮ್ಮನೇಲಿ ಯಾರೂ ಹಾಗೆ ಅನ್ನಲಿಲ್ಲ ಆಂಟಿ, ಪ್ರಾಮಿಸ್." ಕೊನೆಗೆ ಪ್ರಭಾಕರ್ ಕೂಡ ಬಂದು, "ಆಂಟಿ, ಪರ್ಸನಲಿ ನಾನು ಯಾವತ್ತೂ ಬೇಡ ಅಂತ ಹೇಳಿಲ್ಲ" ಎಂದರು.

ಆಂಟಿ ತುತ್ತು ನುಂಗಿ, ನೀರು ಕುಡಿದು, ಬಂದ ಒಬ್ಬೊಬ್ಬರಿಗೂ ಒಂದೇ ಪ್ರಶ್ನೆ ಕೇಳಿದರು.

"ಹಾಗಾದ್ರೆ ಬೇಕು ಅಂತ ಹೇಳಿದ್ದು ನೀವಾ?"

ಒಬ್ಬೊಬ್ಬರಾಗಿ ಎಲ್ಲರೂ ತಟ್ಟೆ ಎತ್ತಿಕೊಂಡು ಉಪ್ಪಿನಕಾಯಿ ಇದ್ದ ಕಡೆ ಹೋದರು.